ಯಾರ ದ್ವೀಪ ಎನ್ನುವ ಮೊದಲು ಯಾರನ್ನು ಕೇಳಿದರು?

(ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಮನೆಯ ಹಿತ್ತಲಲ್ಲಿ ತೆಂಗಿನ ಮರ ಇರುತ್ತದೆ. ಅಂಗಳದಲ್ಲಿ ಕೊಬ್ಬರಿ ಒಣಗುವಾಗ ಬರುವ ವಾಸನೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಕಾನೂನಿನ ದೊಡ್ಡ ಮಾತುಗಳನ್ನು ಪಕ್ಕಕ್ಕಿಟ್ಟು, ಕೊಬ್ಬರಿಯಿಂದಲೇ ಶುರು ಮಾಡುತ್ತೇನೆ.

ಇದೇ ಸಮುದ್ರದಲ್ಲಿ, ಮಾಲ್ಡೀವ್ಸ್ ದಾಟಿ ಇನ್ನೂ ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ ಹೋದರೆ ಚಾಗೋಸ್ ಎಂಬ ದ್ವೀಪಗಳ ಗುಂಪು ಸಿಗುತ್ತದೆ. ಐವತ್ತಕ್ಕೂ ಜಾಸ್ತಿ ಪುಟ್ಟ ಪುಟ್ಟ ಹವಳದ ದ್ವೀಪಗಳು. ಅದರಲ್ಲಿ ದೊಡ್ಡದು ಡಿಯೆಗೊ ಗಾರ್ಸಿಯಾ. ಕನ್ಯಾಕುಮಾರಿಯಿಂದ ಸುಮಾರು 1,800 ಕಿಲೋಮೀಟರ್ ದೂರ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರೆಂಚರು ಆಫ್ರಿಕಾದ ಮೊಜಾಂಬಿಕ್ ಮತ್ತು ಮಡಗಾಸ್ಕರ್ ಕಡೆಯ ಜನರನ್ನು ಗುಲಾಮರಾಗಿ ತಂದು ಅಲ್ಲಿ ತೆಂಗಿನ ತೋಟ ಮಾಡಿಸಿದರು. 1814ರಲ್ಲಿ ಮಾರಿಷಸ್ ಜೊತೆಗೆ ಇದೂ ಬ್ರಿಟಿಷರ ಕೈಗೆ ಹೋಯಿತು. ಗುಲಾಮಗಿರಿ ಹೋದ ಮೇಲೂ ಜನ ಅಲ್ಲೇ ಉಳಿದರು. ನಮ್ಮ ದಕ್ಷಿಣ ಭಾರತದ ಕೂಲಿಗಳೂ ಒಂದಷ್ಟು ಜನ ಹೋಗಿ ಸೇರಿಕೊಂಡರು. ಕೊಬ್ಬರಿ ಎಣ್ಣೆ ಎಷ್ಟು ಬರುತ್ತಿತ್ತೆಂದರೆ ಮಾರಿಷಸ್‌ನವರು ಈ ದ್ವೀಪಗಳನ್ನು ‘ಎಣ್ಣೆ ದ್ವೀಪಗಳು’ ಎಂದೇ ಕರೆಯುತ್ತಿದ್ದರು.

1960ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 1,500ರಿಂದ 2,000 ಜನ ಇದ್ದರು. ಅವರದೇ ಕ್ರಿಯೋಲ್ ಭಾಷೆ, ಅವರದೇ ಹಾಡು. ಇಗರ್ಜಿ ಇತ್ತು. ಮುತ್ತಜ್ಜ, ಮುತ್ತಜ್ಜಿಯರ ಸಮಾಧಿಗಳಿದ್ದವು.

ಈಗ ಒಂದು ದಿನಾಂಕ ನೆನಪಿಟ್ಟುಕೊಳ್ಳಿ. 1965ರ ಡಿಸೆಂಬರ್ 16. ಆ ದಿನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಒಂದರ ಹಿಂದೆ ಒಂದು ನಿರ್ಣಯಗಳು ಪಾಸಾದವು. 2065ನೇ ನಿರ್ಣಯ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಬಗ್ಗೆ. ಬ್ರಿಟನ್ ಮತ್ತು ಅರ್ಜೆಂಟೀನಾ ಕೂತು ಮಾತಾಡಿ, ಅಲ್ಲಿನ ಜನರ ಹಿತವನ್ನು ಮನಸ್ಸಲ್ಲಿಟ್ಟುಕೊಳ್ಳಿ ಎಂದು ಅದು ಹೇಳಿತು. ಮರು ಸಂಖ್ಯೆಯ 2066ನೇ ನಿರ್ಣಯ ಮಾರಿಷಸ್ ಬಗ್ಗೆ. ಚಾಗೋಸನ್ನು ಬ್ರಿಟಿಷರು ಮಾರಿಷಸ್ ಜೊತೆಗೇ ಸೇರಿಸಿ ಆಳುತ್ತಿದ್ದರು. ಸ್ವಾತಂತ್ರ್ಯ ಕೊಡುವ ಮೊದಲು ಆ ದೇಶವನ್ನು ತುಂಡು ಮಾಡಬೇಡಿ ಎಂದು ಅದು ಬ್ರಿಟನ್‌ಗೆ ಹೇಳಿತು. ಒಂದೇ ಸಭೆ, ಒಂದೇ ದಿನ, ಎರಡರಲ್ಲೂ ಆಳುತ್ತಿದ್ದ ದೇಶ ಒಂದೇ. ಫಾಕ್‌ಲ್ಯಾಂಡ್, ಚಾಗೋಸ್ ಎರಡೂ ಕಡೆ ಇದ್ದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮುಂದಿನ ಇಪ್ಪತ್ತು ವರ್ಷದಲ್ಲಿ ಈ ಎರಡು ಜನಕ್ಕೆ ಆದದ್ದೇ ಬೇರೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಅಂತ ನಮ್ಮಲ್ಲಿ ಹೇಳುತ್ತಾರೆ. ಈ ಬೆಣ್ಣೆ ಮತ್ತು ಸುಣ್ಣದ ಕಥೆಯನ್ನೇ ಇವತ್ತು ಹೇಳಬೇಕೆಂದುಕೊಂಡಿದ್ದೇನೆ.

2066ನೇ ನಿರ್ಣಯ ಬರುವಾಗಲೇ ತಡವಾಗಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರಿಷಸ್ ನಾಯಕ ಶಿವಸಾಗರ ರಾಮಗುಲಾಮ್ ಸ್ವಾತಂತ್ರ್ಯದ ಮಾತುಕತೆಗೆ ಲಂಡನ್‌ಗೆ ಹೋಗಿದ್ದರು. ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರನ್ನು ಭೇಟಿಯಾಗುವ ಮುಂಚೆ ವಿಲ್ಸನ್ ಕೈಗೆ ಅಧಿಕಾರಿಗಳು ಒಂದು ಟಿಪ್ಪಣಿ ಕೊಟ್ಟರು. ಆಸೆ ತೋರಿಸಿ ಹೆದರಿಸುವುದೇ ಈ ಭೇಟಿಯ ಉದ್ದೇಶ ಎಂದು ಅದರಲ್ಲಿ ಬರೆದಿತ್ತು. ಸ್ವಾತಂತ್ರ್ಯ ಸಿಗಬಹುದು ಎಂಬ ಆಸೆ. ಚಾಗೋಸ್ ಬಿಟ್ಟುಕೊಡದಿದ್ದರೆ ಸಿಗದೇ ಹೋಗಬಹುದು ಎಂಬ ಹೆದರಿಕೆ. ರಾಮಗುಲಾಮ್ ಒಪ್ಪಿದರು. ಮಾರಿಷಸ್‌ಗೆ 30 ಲಕ್ಷ ಪೌಂಡ್ ಎಂದು ಮಾತಾಯಿತು. ನವೆಂಬರ್ 8ರಂದು ‘ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ’ ಎಂಬ ಹೊಸ ವಸಾಹತು ಹುಟ್ಟಿತು. ಇಡೀ ಪ್ರಪಂಚದಲ್ಲಿ ವಸಾಹತುಗಳು ಬಿಡುಗಡೆ ಆಗುತ್ತಿದ್ದ ಕಾಲದಲ್ಲಿ ಬ್ರಿಟನ್ ಹೊಸದೊಂದನ್ನು ಕಟ್ಟಿತು.

ಯಾಕೆ? ಅಮೆರಿಕಕ್ಕೆ ಹಿಂದೂ ಮಹಾಸಾಗರದ ನಡುವೆ ಒಂದು ಸೇನಾನೆಲೆ ಬೇಕಿತ್ತು. 1966ರ ಡಿಸೆಂಬರ್ 30ರಂದು ಎರಡು ದೇಶಗಳು 50 ವರ್ಷದ ಒಪ್ಪಂದ ಮಾಡಿಕೊಂಡವು. ಇದಕ್ಕೆ ಪ್ರತಿಯಾಗಿ, ಅಮೆರಿಕದಿಂದ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಗಳ ಲೆಕ್ಕದಲ್ಲಿ ಬ್ರಿಟನ್‌ಗೆ 1.4 ಕೋಟಿ ಡಾಲರ್ ರಿಯಾಯಿತಿ ಸಿಕ್ಕಿತು. ಇದನ್ನು ಬ್ರಿಟನ್ನಿನ ಸಂಸತ್ತಿಗೂ ಅಮೆರಿಕದ ಕಾಂಗ್ರೆಸ್‌ಗೂ ತಿಳಿಸಲಿಲ್ಲ.

ಅಮೆರಿಕದವರಿಗೆ ಖಾಲಿ ದ್ವೀಪ ಬೇಕಿತ್ತು. ಆದರೆ ದ್ವೀಪ ಖಾಲಿ ಇರಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಯಾಕೆಂದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಬ್ಬಗೆ ನೀತಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿ ಒಂದು ಮಾತು ಹೇಳುತ್ತದೆ. ವಸಾಹತಿನಲ್ಲಿ ವಾಸಿಸುವ ಜನರ ಹಿತವೇ ಎಲ್ಲಕ್ಕಿಂತ ಮೇಲು. ಆಳುವ ದೇಶ ಅದನ್ನು ಕಾಪಾಡಬೇಕು, ವಿಶ್ವಸಂಸ್ಥೆಗೆ ವರದಿ ಕೊಡಬೇಕು. ಈ ವಿಧಿಯಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ. ಅಲ್ಲಿ ವಾಸಿಸುವ ಜನರೇ ಇಲ್ಲ ಅಂದುಬಿಡುವುದು.

ಹಾಗೇ ಮಾಡಿದರು. ಇಲ್ಲಿರುವವರು ನಿವಾಸಿಗಳಲ್ಲ, ಬೇರೆ ಕಡೆಯಿಂದ ಕರಾರಿನ ಮೇಲೆ ಬಂದ ತೋಟದ ಕೂಲಿಗಳು ಎಂದು ಬರೆದರು. ಐದು ತಲೆಮಾರಿನ ಸಮಾಧಿಗಳ ಮೇಲೆ ಒಂದು ಪದ ಎಳೆದರು, ಅಷ್ಟೇ. 1966ರಲ್ಲಿ ಬ್ರಿಟಿಷ್ ವಿದೇಶಾಂಗ ಕಚೇರಿಯ ಅತಿ ಹಿರಿಯ ಅಧಿಕಾರಿ, ಅಲ್ಲಿ ಕಡಲಹಕ್ಕಿಗಳ ಹೊರತು ಮೂಲನಿವಾಸಿಗಳು ಇರುವುದಿಲ್ಲ, ಹಕ್ಕಿಗಳಿಗೆ ಇನ್ನೂ ಸಮಿತಿ ಇಲ್ಲವಲ್ಲ ಎಂದು ಕಡತದಲ್ಲಿ ಬರೆದಿದ್ದಾನೆ. ಅದರ ಕೆಳಗೆ ಇನ್ನೊಬ್ಬ ಅಧಿಕಾರಿ, ಹಕ್ಕಿಗಳ ಜೊತೆ ಕೆಲವು ಟಾರ್ಜನ್‌ಗಳೂ ಇದ್ದಾರೆ, ಅವರ ಮೂಲ ಸ್ಪಷ್ಟವಿಲ್ಲ, ಅವರನ್ನು ಮಾರಿಷಸ್‌ಗೆ ದಾಟಿಸಬೇಕು ಎಂಬ ಅರ್ಥದಲ್ಲಿ ಸೇರಿಸಿದ್ದಾನೆ. ಈ ಕಾಗದಗಳು ಆಮೇಲೆ ಕೋರ್ಟಿಗೆ ಬಂದವು. ನಾನು ಮೊದಲ ಸಲ ಓದಿದಾಗ ಆ ದಿನ ಬೇರೆ ಏನನ್ನೂ ಓದಲು ಆಗಲಿಲ್ಲ.

1968ರಿಂದ ಶುರುವಾಯಿತು. ಔಷಧಕ್ಕೋ ನೆಂಟರನ್ನು ನೋಡಲಿಕ್ಕೋ ಮಾರಿಷಸ್‌ಗೆ ಹೋದವರನ್ನು ವಾಪಸ್ ಹಡಗು ಹತ್ತಲು ಬಿಡಲಿಲ್ಲ. ಒಲಿವಿಯೆ ಬಾಂಕೂ ಎಂಬವರ ಕುಟುಂಬ ಹಾಗೇ ಸಿಕ್ಕಿಹಾಕಿಕೊಂಡಿತು. ಪುಟ್ಟ ತಂಗಿಯ ಕಾಲಿನ ಮೇಲೆ ಗಾಡಿ ಹರಿದಿತ್ತು. ಚಿಕಿತ್ಸೆಗೆಂದು ಎಲ್ಲರೂ ಹೊರಟರು. ಮಗು ಉಳಿಯಲಿಲ್ಲ. ಊರಿಗೆ ಹೋಗುತ್ತೇವೆ ಎಂದಾಗ, ನಿಮ್ಮ ದ್ವೀಪ ಮಾರಾಟವಾಗಿದೆ ಎಂಬ ಉತ್ತರ ಬಂತು. ಆಗ ಒಲಿವಿಯೆಗೆ ನಾಲ್ಕು ವರ್ಷ. ದೊಡ್ಡವರಾದ ಮೇಲೆ ಅವರು ಎಲೆಕ್ಟ್ರಿಷಿಯನ್ ಆದರು. ಮುಂದೆ ಬ್ರಿಟಿಷ್ ಸರ್ಕಾರದ ಮೇಲೆ ಕೇಸು ಹಾಕಿದವರೂ ಇವರೇ.

1971ರಲ್ಲಿ ಡಿಯೆಗೊ ಗಾರ್ಸಿಯಾ, ಆಮೇಲೆ ಸಾಲೊಮನ್, 1973ರಲ್ಲಿ ಪೆರೋಸ್ ಬಾನ್ಯೊಸ್. ಒಂದೊಂದೇ ದ್ವೀಪ ಖಾಲಿ ಮಾಡಿಸಿದರು. ತರುವ ಅಕ್ಕಿ, ಹಾಲಿನ ಪುಡಿ ಮೊದಲೇ ಕಡಿಮೆ ಮಾಡಿದ್ದರು. ಜನರ ಸಾಕುನಾಯಿಗಳನ್ನು ಸುಮಾರು ಸಾವಿರದಷ್ಟು ಹಿಡಿದು, ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ ಕೂಡಿ, ವಾಹನಗಳ ಹೊಗೆ ಬಿಟ್ಟು ಕೊಂದರು. ಮಕ್ಕಳು ಅದನ್ನು ನೋಡಿದರು. ಮುಂದೆ ನಮ್ಮ ಸರದಿ ಎಂದು ದೊಡ್ಡವರಿಗೂ ಅನ್ನಿಸಿರಬೇಕು, ಅಲ್ವಾ? ಒಂದು ಪೆಟ್ಟಿಗೆ ಹಿಡಿಯುವಷ್ಟು ಸಾಮಾನು ಹೊತ್ತು ನಾರ್ಡ್‌ವೇರ್ ಎಂಬ ಹಡಗು ಹತ್ತಿದರು. ಮಾರಿಷಸ್, ಸೇಶೆಲ್ಸ್ ಬಂದರುಗಳಲ್ಲಿ ಇಳಿಸಿದ ಮೇಲೆ ಅವರಿಗೆ ಮನೆಯೂ ಇಲ್ಲ, ಕೆಲಸವೂ ಇಲ್ಲ. ಅವರ ಕ್ರಿಯೋಲ್‌ನಲ್ಲಿ ‘ಸಾಗ್ರೆನ್’ ಎಂಬ ಪದ ಇದೆ. ಕೊರಗು ಎಂದು ಅರ್ಥ. ಎಷ್ಟೋ ಜನ ಸಾಗ್ರೆನ್‌ನಿಂದಲೇ ಸತ್ತರು ಎಂದು ಇವತ್ತೂ ಅವರು ಹೇಳುತ್ತಾರೆ.

ನಮ್ಮ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅವರ ನೋವು ಸಣ್ಣದಲ್ಲ, ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಆದರೂ ಅವರು ಈ ದೇಶದ ಮತದಾರರು. ಕೇಳಲು ಒಬ್ಬ ಶಾಸಕ, ಒಂದು ಕೋರ್ಟು ಇತ್ತು. ಚಾಗೋಸ್ ಜನಕ್ಕೆ ಅದೂ ಇರಲಿಲ್ಲ.

ಈಗ ಇನ್ನೊಂದು ದ್ವೀಪಕ್ಕೆ ಹೋಗೋಣ. ಫಾಕ್‌ಲ್ಯಾಂಡ್ ಲಂಡನ್‌ನಿಂದ ಸುಮಾರು 13,000 ಕಿಲೋಮೀಟರ್ ದೂರ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾದ ಸೇನಾ ಸರ್ಕಾರ ಅಲ್ಲಿಗೆ ಪಡೆ ನುಗ್ಗಿಸಿತು. 1833ರಲ್ಲಿ ಬ್ರಿಟಿಷರು ನಮ್ಮಿಂದ ಕಿತ್ತುಕೊಂಡದ್ದು, ಇದು ನಮ್ಮ ನೆಲ ಎಂಬುದು ಅವರ ವಾದ. ಅಲ್ಲಿದ್ದ ಜನ ಸುಮಾರು 1,800, ಹೆಚ್ಚಿನವರು ಬ್ರಿಟಿಷ್ ಮೂಲದವರು. ಈ ಜನ ಯಾರ ಕೆಳಗೆ ಬದುಕಬೇಕು ಎಂದು ಅವರೇ ಹೇಳಬೇಕು ಎಂದು ಮಾರ್ಗರೆಟ್ ಥ್ಯಾಚರ್ ಸರ್ಕಾರ ಹಡಗುಪಡೆ ಕಳಿಸಿತು. 74 ದಿನ ಯುದ್ಧ ನಡೆಯಿತು. 649 ಅರ್ಜೆಂಟೀನಾದವರು, 255 ಬ್ರಿಟಿಷ್ ಸೈನಿಕರು, ದ್ವೀಪದ ಮೂವರು ಸತ್ತರು. ಮರುವರ್ಷವೇ ದ್ವೀಪದವರಿಗೆ ಪೂರ್ತಿ ಬ್ರಿಟಿಷ್ ಪೌರತ್ವ ಕೊಟ್ಟರು.

ಅದೇ 1982ರಲ್ಲಿ, ಯುದ್ಧ ಮುಗಿದ ಮರು ತಿಂಗಳು, ಅದೇ ಸರ್ಕಾರ ಚಾಗೋಸ್ ಜನರ ಜೊತೆ ಲೆಕ್ಕ ಚುಕ್ತಾ ಮಾಡಲು 40 ಲಕ್ಷ ಪೌಂಡಿನ ಒಪ್ಪಂದಕ್ಕೆ ಸಹಿ ಹಾಕಿತು. ಹಣ ಬೇಕಾದರೆ ಒಂದು ಕಾಗದಕ್ಕೆ ಒಪ್ಪಿಗೆ ಕೊಡಬೇಕು. ಇಂಗ್ಲಿಷಿನಲ್ಲಿತ್ತು. ಓದಲು ಬಾರದ ಜನ ಹೆಬ್ಬೆಟ್ಟು ಒತ್ತಿದರು. ಇನ್ನು ಮುಂದೆ ಹಕ್ಕು ಕೇಳುವುದಿಲ್ಲ ಎಂದು ಬರೆದು ಕೊಟ್ಟಿದ್ದೇವೆ ಎನ್ನುವುದು ಎಷ್ಟೋ ಜನರಿಗೆ ಆಮೇಲೆ ಗೊತ್ತಾಯಿತು. ಇವರಿಗೆ ಪೌರತ್ವ ಸಿಕ್ಕಿದ್ದು 2002ರಲ್ಲಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಫಾಕ್‌ಲ್ಯಾಂಡ್ ಜನರ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. 2013ರಲ್ಲಿ ಅಲ್ಲಿ ಮತ ಹಾಕಿಸಿದಾಗ 1,513 ಜನ ಬ್ರಿಟನ್ ಜೊತೆ ಇರುತ್ತೇವೆ ಎಂದರು, ಬೇಡ ಎಂದವರು ಮೂವರು. ಆ ಜನರ ಮಾತಿಗೆ ಬೆಲೆ ಇದೆ. ಪೆರೋಸ್ ಬಾನ್ಯೊಸ್‌ನ ತೋಟದಲ್ಲಿ ಹುಟ್ಟಿದವರ ಮಾತಿಗೂ ಅಷ್ಟೇ ಬೆಲೆ ಇರಬೇಕಿತ್ತು ಎನ್ನುವುದೇ ನನ್ನ ಸಿಟ್ಟು. ಇಬ್ಬಗೆ ನೀತಿಯನ್ನು ನೋಡಿ, ಸ್ವಯಂನಿರ್ಧಾರದ ಹಕ್ಕು, ಅಂದರೆ ಯಾರ ಆಳ್ವಿಕೆಯಲ್ಲಿ ಇರಬೇಕೆಂದು ಜನರೇ ತೀರ್ಮಾನಿಸುವ ಹಕ್ಕು, ಎಂಬುದೇ ಬೊಗಳೆ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು ತೀರ್ಮಾನ. ಹಾಗೆಂದರೆ ಚಾಗೋಸ್ ಜನರ ಕೈಯಲ್ಲಿರುವ ಒಂದೇ ಆಯುಧವನ್ನೂ ನಾವೇ ಕಿತ್ತುಕೊಂಡಂತೆ.

ಆ ಹಕ್ಕನ್ನು ವಸಾಹತುಗಳ ಜನರಿಗಾಗಿ ಸ್ಪಷ್ಟವಾಗಿ ಬರೆದದ್ದು 1960ರ ಡಿಸೆಂಬರ್ 14ರಂದು, ವಿಶ್ವಸಂಸ್ಥೆಯ 1514ನೇ ನಿರ್ಣಯದಲ್ಲಿ. 89 ದೇಶಗಳು ಪರ, ವಿರೋಧ ಸೊನ್ನೆ. ಬ್ರಿಟನ್, ಅಮೆರಿಕ ಸೇರಿ ಒಂಬತ್ತು ದೇಶ ಮತ ಹಾಕದೆ ಉಳಿದವು. ಅದರಲ್ಲಿ ಎರಡು ಮಾತುಗಳಿವೆ. ಎರಡನೇ ಪ್ಯಾರಾ ಎಲ್ಲ ಜನತೆಗೂ ಸ್ವಯಂನಿರ್ಧಾರದ ಹಕ್ಕಿದೆ ಎನ್ನುತ್ತದೆ. ಆರನೇ ಪ್ಯಾರಾ ಯಾವ ದೇಶದ ನೆಲವನ್ನೂ ಒಡೆಯಬಾರದು ಎನ್ನುತ್ತದೆ. ಎರಡೂ ಒಳ್ಳೆಯ ಮಾತೇ. ಆದರೆ ಬಲಾಢ್ಯರು ತಮಗೆ ಬೇಕಾದಾಗ ಎರಡನೆಯದನ್ನು, ಬೇಡವಾದಾಗ ಆರನೆಯದನ್ನು ಓದುತ್ತಾರೆ. 2008ರಲ್ಲಿ ಕೊಸೊವೊ ಸ್ವತಂತ್ರ ಎಂದು ಘೋಷಿಸಿಕೊಂಡಾಗ ಪಶ್ಚಿಮದ ದೊಡ್ಡ ದೇಶಗಳು ಅದಕ್ಕೆ ಮಾನ್ಯತೆ ಕೊಟ್ಟವು, ಇದೊಂದು ವಿಶೇಷ ಸಂದರ್ಭ ಎಂದವು. ಸೆರ್ಬಿಯಾದ ನೆಲ ಒಡೆಯಬಾರದು ಎಂದು ರಷ್ಯಾ ವಿರೋಧಿಸಿತು. 2014ರಲ್ಲಿ ಕ್ರಿಮಿಯಾ ನುಂಗುವಾಗ ಅದೇ ರಷ್ಯಾ ಕೊಸೊವೊವನ್ನೇ ಉದಾಹರಣೆ ಕೊಟ್ಟಿತು. ಅಷ್ಟರಲ್ಲೇ, ತನ್ನಿಂದ ಬೇರೆಯಾಗಲು ಹೊರಟ ಚೆಚೆನ್ಯಾದಲ್ಲಿ ಅದು ಎರಡು ಯುದ್ಧ ಮಾಡಿ ಮುಗಿಸಿತ್ತು. ಈ ಉದಾಹರಣೆಗಳನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಬಿಡಿ.

ನಮ್ಮ ದೇಶದ ಬಗ್ಗೆ ಹೇಳದೆ ಮುಂದೆ ಹೋದರೆ ನಾನೂ ಅದೇ ತಪ್ಪು ಮಾಡಿದಂತೆ. ಚಾಗೋಸ್ ವಿಚಾರದಲ್ಲಿ ಭಾರತ ಮಾರಿಷಸ್ ಪರ ಗಟ್ಟಿಯಾಗಿ ನಿಂತಿದೆ. ಅದಕ್ಕೆ ನನಗೆ ಹೆಮ್ಮೆ ಇದೆ. ಆದರೆ 1979ರಲ್ಲಿ ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ ಭಾರತ ಒಂದು ಷರತ್ತು ಬರೆಯಿತು. ಸ್ವಯಂನಿರ್ಧಾರದ ಹಕ್ಕು ಪರಕೀಯರ ಆಳ್ವಿಕೆಯಲ್ಲಿರುವ ಜನರಿಗೆ ಮಾತ್ರ, ಸ್ವತಂತ್ರ ದೇಶಗಳಿಗೋ ಅಲ್ಲಿನ ಜನರ ಒಂದು ಭಾಗಕ್ಕೋ ಅನ್ವಯಿಸುವುದಿಲ್ಲ ಎಂದು. ಅದಕ್ಕೆ ಎಂಟು ವರ್ಷ ಮೊದಲು, ಸ್ವತಂತ್ರ ದೇಶವಾಗಿದ್ದ ಪಾಕಿಸ್ತಾನದ ಒಂದು ಭಾಗದ ಜನರ ಪರವಾಗಿ ನಮ್ಮ ಸೈನಿಕರು ಪ್ರಾಣ ಕೊಟ್ಟಿದ್ದರು. ಬಾಂಗ್ಲಾದೇಶದ ವಿಷಯದಲ್ಲಿ ನಾವು ಮಾಡಿದ್ದು ಸರಿ ಎಂದೇ ನಾನು ನಂಬುತ್ತೇನೆ. ಇಷ್ಟೊಂದು ಭಾಷೆ, ಇಷ್ಟೊಂದು ಜನ ಇರುವ ದೇಶಕ್ಕೆ ಒಡೆದುಹೋಗುವ ಭಯ ಇರುವುದೂ ನನಗೆ ಅರ್ಥವಾಗುತ್ತದೆ. ಆದರೂ ಆ ಎರಡು ನಿಲುವುಗಳು ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಒಪ್ಪಿಕೊಂಡರೆ ನಮಗೇನೂ ಅವಮಾನವಿಲ್ಲ.

ಪಕ್ಕದ ಗೋವಾ ನೋಡಿ. 1961ರಲ್ಲಿ ನಮ್ಮ ಪಡೆ ಪೋರ್ಚುಗೀಸರನ್ನು ಹೊರಹಾಕಿದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಭದ್ರತಾ ಮಂಡಳಿಯಲ್ಲಿ ನಮ್ಮ ವಿರುದ್ಧ ನಿಂತವು, ಸೋವಿಯತ್ ಒಕ್ಕೂಟದ ವಿಟೊ ನಮ್ಮನ್ನು ಕಾಪಾಡಿತು. ಆದರೆ ನನಗೆ ಅದಕ್ಕಿಂತ ಮುಖ್ಯ 1967ರ ಜನವರಿ. ಮಹಾರಾಷ್ಟ್ರದ ಜೊತೆ ಸೇರುತ್ತೀರಾ, ಬೇರೆಯೇ ಇರುತ್ತೀರಾ ಎಂದು ಗೋವಾದ ಜನರನ್ನೇ ಕೇಳಿದರು. ಅವರು ಬೇರೆ ಇರುತ್ತೇವೆ ಎಂದರು. ಹಾಗೇ ಆಯಿತು. ದೇಶವೇನೂ ಮುಳುಗಲಿಲ್ಲ. ಮಾರಿಷಸ್‌ನದೇ ಇನ್ನೊಂದು ದ್ವೀಪ ಅಗಲೇಗಾದಲ್ಲಿ ಭಾರತ ವಿಮಾನಪಟ್ಟಿ ಮತ್ತು ಜೆಟ್ಟಿ ಕಟ್ಟಿದೆ, 2024ರ ಫೆಬ್ರವರಿಯಲ್ಲಿ ಅದು ಉದ್ಘಾಟನೆ ಆಯಿತು. ಅಲ್ಲಿ ಸುಮಾರು 300 ಜನ ಇದ್ದಾರೆ. ಚಾಗೋಸ್ ಕಥೆ ಗೊತ್ತಿರುವ ಭಾರತೀಯರು ಆ 300 ಜನರ ಬಗ್ಗೆ ವಿಚಾರಿಸುತ್ತಲೇ ಇರಬೇಕು.

ಕೋರ್ಟಿನ ಕಥೆಗೆ ಬರುತ್ತೇನೆ. 2000ದ ನವೆಂಬರ್‌ನಲ್ಲಿ ಲಂಡನ್ ಹೈಕೋರ್ಟಿನಲ್ಲಿ ಬಾಂಕೂ ಗೆದ್ದರು. ಆಗಿನ ವಿದೇಶಾಂಗ ಸಚಿವ ರಾಬಿನ್ ಕುಕ್ ತೀರ್ಪು ಒಪ್ಪಿಕೊಂಡರು. 2004ರಲ್ಲಿ ಸರ್ಕಾರ ಸಂಸತ್ತಿಗೂ ತಾರದೆ, ರಾಣಿಯ ಹೆಸರಿನ ಆಜ್ಞೆ ಹೊರಡಿಸಿ ಮತ್ತೆ ಬಾಗಿಲು ಹಾಕಿತು. ಮತ್ತೆ ಕೇಸು. ಎರಡು ಕೋರ್ಟುಗಳಲ್ಲಿ ಗೆಲುವು. 2008ರಲ್ಲಿ, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಲಾರ್ಡ್ಸ್ ಸಭೆಯಲ್ಲಿ ಇಬ್ಬರ ವಿರುದ್ಧ ಮೂವರ ಮತದಿಂದ ಸೋಲು. 2010ರಲ್ಲಿ ದ್ವೀಪಗಳ ಸುತ್ತ ಸಮುದ್ರ ಸಂರಕ್ಷಿತ ಪ್ರದೇಶ ಘೋಷಿಸಿದರು. ಹವಳ ಉಳಿಸುವುದು ಒಳ್ಳೆಯದೇ. ಆದರೆ ಸೋರಿಕೆಯಾದ ಅಮೆರಿಕದ ರಾಜತಾಂತ್ರಿಕ ಸಂದೇಶ ಬೇರೆಯೇ ಹೇಳಿತು. ಹೀಗೆ ಮಾಡಿದರೆ ಹಳೆಯ ನಿವಾಸಿಗಳಿಗೆ ವಾಪಸ್ ಬರುವುದು ಕಷ್ಟವಾಗುತ್ತದೆ ಎಂದು ಬ್ರಿಟಿಷ್ ಅಧಿಕಾರಿಯೊಬ್ಬರು ಹೇಳಿದ್ದು ಅದರಲ್ಲಿತ್ತು.

ಆಮೇಲೆ ಮಾರಿಷಸ್ ವಿಶ್ವಸಂಸ್ಥೆಯ ಮೂಲಕ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರ ಮುಂದೆ ಒಂದು ವಿಡಿಯೊ ಹಾಕಿದರು. ಲಿಸ್ಬಿ ಎಲಿಜೆ ಎಂಬ ಮಹಿಳೆ ಕ್ರಿಯೋಲ್‌ನಲ್ಲಿ ಮಾತಾಡಿದರು. ಓದು ಬರಹ ಬಾರದವರು, ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದರು. ನಾನು 1953ರ ಜುಲೈ 24ರಂದು ಪೆರೋಸ್ ಬಾನ್ಯೊಸ್‌ನಲ್ಲಿ ಹುಟ್ಟಿದೆ ಎಂದರು. ಹಡಗು ಹತ್ತಿಸಿದಾಗ ತಾನು ನಾಲ್ಕು ತಿಂಗಳ ಬಸುರಿ, ಹಡಗಿನಲ್ಲಿ ತಮ್ಮನ್ನು ಪ್ರಾಣಿಗಳಂತೆ, ಗುಲಾಮರಂತೆ ತುಂಬಿದ್ದರು, ಮಗು ಉಳಿಯಲಿಲ್ಲ ಎಂದರು. ಹುಟ್ಟಿದ ಊರನ್ನು ಹೆಸರಿಟ್ಟು ಹೇಳಿದ ಆ ಒಂದು ವಾಕ್ಯ ಸಾಕಿತ್ತು. ಅಲ್ಲಿ ನಿವಾಸಿಗಳೇ ಇರಲಿಲ್ಲ ಎಂದ ಕಡತಕ್ಕೆ ಐವತ್ತು ವರ್ಷದ ಮೇಲೆ ಅದೇ ಉತ್ತರ.

2019ರ ಫೆಬ್ರವರಿ 25ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. 13 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. 1965ರಲ್ಲಿ ಚಾಗೋಸ್ ಬೇರ್ಪಡಿಸಿದ್ದು ಜನರ ನಿಜವಾದ, ಮುಕ್ತವಾದ ಇಚ್ಛೆಯಿಂದ ಅಲ್ಲ, ಆದಷ್ಟು ಬೇಗ ಬ್ರಿಟನ್ ಅಲ್ಲಿಂದ ಹೊರಡಬೇಕು ಎಂದಿತು. ಮೇ 22ರಂದು ಸಾಮಾನ್ಯ ಸಭೆ 116 ಮತಗಳಿಂದ ಅದನ್ನೇ ಹೇಳಿ ಆರು ತಿಂಗಳ ಗಡುವು ಕೊಟ್ಟಿತು. ವಿರೋಧ ಆರೇ ಮತ. ಬ್ರಿಟನ್ ಗಡುವನ್ನು ಲೆಕ್ಕಿಸಲಿಲ್ಲ. ಅದೇ ವರ್ಷಗಳಲ್ಲಿ ನಿಯಮಗಳ ಮೇಲೆ ನಡೆಯುವ ಜಗತ್ತು ಬೇಕು ಎಂದು ಅದು ಬೇರೆ ದೇಶಗಳಿಗೆ ಹೇಳುತ್ತಿತ್ತು.

ಮಾರಿಷಸ್ ಗೆದ್ದದ್ದರಲ್ಲಿ ನನಗೆ ಸಂತೋಷ ಇದೆ. ಆದರೆ ಆ ಗೆಲುವು ದೇಶ ದೇಶಗಳ ನಡುವಿನದು. ನೆಲ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ನೆಲದ ಜನಕ್ಕೆ ಏನು ಬೇಕು ಎಂಬ ಪ್ರಶ್ನೆ ಅಲ್ಲೇ ಉಳಿಯಿತು. ಮಾರಿಷಸ್‌ನಲ್ಲಿರುವ ಬಾಂಕೂ ಮತ್ತು ಅವರ ಜೊತೆಗಾರರು ಮಾರಿಷಸ್ ಪರ. ಇಂಗ್ಲೆಂಡಿನ ಕ್ರಾಲಿ ಊರಿನಲ್ಲಿ ನೆಲೆಸಿದ ಚಾಗೋಸ್ ಜನರಲ್ಲಿ ಎಷ್ಟೋ ಮಂದಿಗೆ ಅದು ಬೇಡ. ತಮ್ಮನ್ನು ಮಾರಿಷಸ್‌ನಲ್ಲಿ ಕೀಳಾಗಿ ಕಂಡರು ಎಂಬ ನೋವು ಅವರಿಗೆ. ಒಂದೇ ಜನ, ಎರಡು ಅಭಿಪ್ರಾಯ. ಇಂಥ ಹೊತ್ತಿಗೆಂದೇ ಮತಪೆಟ್ಟಿಗೆ ಇರುವುದು.

ಫಾಕ್‌ಲ್ಯಾಂಡ್‌ನ ಇನ್ನೊಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. ಯುದ್ಧಕ್ಕೆ ಮುಂಚೆ, 1980ರ ನವೆಂಬರ್‌ನಲ್ಲಿ, ಬ್ರಿಟಿಷ್ ಮಂತ್ರಿ ನಿಕೊಲಸ್ ರಿಡ್ಲಿ ಆ ದ್ವೀಪಕ್ಕೆ ಹೋಗಿದ್ದರು. ಸಾರ್ವಭೌಮತ್ವವನ್ನು ಅರ್ಜೆಂಟೀನಾಕ್ಕೆ ಕೊಟ್ಟು, ಬಹುಕಾಲದ ಗುತ್ತಿಗೆಗೆ ದ್ವೀಪವನ್ನು ವಾಪಸ್ ತೆಗೆದುಕೊಂಡರೆ ಹೇಗೆ ಎಂದು ಜನರ ಮುಂದೆ ಇಟ್ಟರು. ಜನ ಬೇಡ ಎಂದರು. ಡಿಸೆಂಬರ್‌ನಲ್ಲಿ ಸಂಸತ್ತೂ ಅವರ ಮೇಲೆ ಮುಗಿಬಿತ್ತು. ಆ ಯೋಜನೆಯನ್ನು ಕೈಬಿಟ್ಟರು.

ಅದೇ ಗುತ್ತಿಗೆಯ ಯೋಚನೆ 45 ವರ್ಷದ ಮೇಲೆ ಚಾಗೋಸ್‌ಗೆ ಬಂತು. ಸಾರ್ವಭೌಮತ್ವ ಮಾರಿಷಸ್‌ಗೆ. ಡಿಯೆಗೊ ಗಾರ್ಸಿಯಾ 99 ವರ್ಷ ಬ್ರಿಟನ್‌ಗೆ ಗುತ್ತಿಗೆ, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಬಾಡಿಗೆ. ಮಿಕ್ಕ ದ್ವೀಪಗಳಲ್ಲಿ ಮಾರಿಷಸ್ ಜನವಸತಿ ಮಾಡಬಹುದು, ಡಿಯೆಗೊ ಗಾರ್ಸಿಯಾದಲ್ಲಿ ಆಗದು. ಈ ಸಲ ಯಾವ ಮಂತ್ರಿಯೂ ಚಾಗೋಸ್ ಜನರ ಮುಂದೆ ಇದನ್ನಿಟ್ಟು ಬೇಕೋ ಬೇಡವೋ ಎಂದು ಮತ ಹಾಕಿಸಲಿಲ್ಲ.

2025ರ ಮೇ 22, ಸಹಿ ಹಾಕುವ ದಿನ. ಡಿಯೆಗೊ ಗಾರ್ಸಿಯಾದಲ್ಲೇ ಹುಟ್ಟಿದ, ಈಗ ಬ್ರಿಟನ್‌ನಲ್ಲಿರುವ ಇಬ್ಬರು ಮಹಿಳೆಯರು ಲಂಡನ್ ಹೈಕೋರ್ಟಿನ ಬಾಗಿಲು ತಟ್ಟಿದರು. ಬೆಳಕು ಹರಿಯುವ ಮೊದಲೇ ನ್ಯಾಯಾಧೀಶರೊಬ್ಬರು ತಡೆಯಾಜ್ಞೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬ ನ್ಯಾಯಾಧೀಶರು ಅದನ್ನು ತೆಗೆದುಹಾಕಿದರು. ಅದೇ ದಿನ ಒಪ್ಪಂದಕ್ಕೆ ಸಹಿ ಬಿತ್ತು. ಅವರಿಬ್ಬರೂ ಕೋರ್ಟಿನ ಮೆಟ್ಟಿಲಿಳಿದು ಮನೆಗೆ ಹೋದರು. ಆ ಮನೆ ಇಂಗ್ಲೆಂಡಿನಲ್ಲಿತ್ತು.